ವಾರ್ಡಕ್ಕನ ವಾರ್ಡುಗಳು

ಕೆಲಸಕ್ಕೆ ಸೇರಿದ ಮೊದಲ ದಿನವೇ ವಾರ್ಡಕ್ಕ ನಾಲ್ಕು ಗಂಟೆ ಕಾಲ ಕಾಣೆಯಾಗಿದ್ದಳು.

ಆಗಿನ್ನೂ ಆ ಹೆಸರು ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷ, ಮದುವೆಯಾಗಿ ಎಂಟು ತಿಂಗಳು. ಸರ್ಕಾರಿ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತರು ಅವಳ ಕೈಗೆ ಒಂದು ಹೊಸ ಪೊರಕೆ, ತಗಡಿನ ಬಕೆಟ್ಟು, ಫಿನಾಯಿಲಿನ ಬಾಟಲಿ ಕೊಟ್ಟು, "ಏಳನೇ ವಾರ್ಡಿಗೆ ಹೋಗಿ ದೊಡ್ಡ ಸಿಸ್ಟರನ್ನ ಕಾಣು" ಎಂದಿದ್ದರು. ಅವಳಿಗೆ ಗೊತ್ತಿದ್ದ ವಾರ್ಡು ಒಂದೇ, ನಗರಸಭೆಯದು. ಅವರ ಮನೆ ಹನ್ನೆರಡನೆಯ ವಾರ್ಡಿನಲ್ಲಿತ್ತು. ಹನ್ನೊಂದನೆಯ ವಾರ್ಡಿಗೆ ಬೆಳಿಗ್ಗೆ ನೀರು, ಇವರಿಗೆ ಸಂಜೆ. ಏಳನೆಯದು ರೈಲ್ವೆ ಸೇತುವೆಯ ಆಚೆ ಎಂದೂ ಗೊತ್ತಿತ್ತು. ಸರ್ಕಾರದವರು ಹೇಳಿದ ಮೇಲೆ ಮುಗಿಯಿತು, ಹೋಗಲೇಬೇಕು. ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು, ಬಕೆಟ್ಟು ಹಿಡಿದು, ಆಸ್ಪತ್ರೆಯ ಗೇಟು ದಾಟಿ ನಡೆದೇಬಿಟ್ಟಳು.

ಸೇತುವೆಯ ಆಚೆ ಸೈಕಲ್ ಅಂಗಡಿಯವನನ್ನು ಕೇಳಿದಳು, "ಅಣ್ಣಾ, ದೊಡ್ಡ ಸಿಸ್ಟರ್ ಮನೆ ಯಾವುದು?"

ಅವನು ಪಂಕ್ಚರ್ ಹಾಕುತ್ತಿದ್ದ ಟ್ಯೂಬಿನಿಂದ ತಲೆಯೆತ್ತಿ, "ಯಾರ ಸಿಸ್ಟರು? ನನಗೇ ಮೂರು ಜನ ಇದಾರೆ. ದೊಡ್ಡವಳು ಗಂಡನ ಮನೇಲಿದಾಳೆ" ಎಂದ.

ಮಧ್ಯಾಹ್ನ ಒಂದೂವರೆಗೆ, ಕಾಲು ಸೋತು, ಫಿನಾಯಿಲಿನ ಬಾಟಲಿಯ ಬಿರಡೆ ಸಡಿಲವಾಗಿ ಸೀರೆಯ ಅಂಚೆಲ್ಲ ಘಮಘಮ ಎನ್ನುತ್ತ ಅವಳು ವಾಪಸು ಬಂದಾಗ ದೊಡ್ಡ ಸಿಸ್ಟರ್ ಮೆಟ್ಟಿಲ ಮೇಲೆ ನಿಂತಿದ್ದರು. ದೊಡ್ಡ ಸಿಸ್ಟರ್ ಎಂದರೆ ಮುಖ್ಯ ನರ್ಸು. ಎತ್ತರದ ಆಳು, ಎತ್ತರದ ದನಿ. ನಡೆದದ್ದನ್ನೆಲ್ಲ ಕೇಳಿ ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಆಮೇಲೆ ಔಷಧಿಯ ಕೋಣೆಯ ಬಾಗಿಲು ಹಾಕಿಕೊಂಡು ಅವರು ನಕ್ಕದ್ದು ವಾರ್ಡಿನ ಮಕ್ಕಳಿಗೆಲ್ಲ ಕೇಳಿಸಿತು. ಸಂಜೆಯ ಹೊತ್ತಿಗೆ ಇಡೀ ಆಸ್ಪತ್ರೆಗೆ ಅವಳು ವಾರ್ಡಕ್ಕ.

ಏಳನೆಯ ವಾರ್ಡು ಎರಡನೆಯ ಮಹಡಿಯಲ್ಲಿತ್ತು, ಮಕ್ಕಳ ವಾರ್ಡು. ಇಪ್ಪತ್ತನಾಲ್ಕು ಕಬ್ಬಿಣದ ಮಂಚ, ಒಂದೊಂದರ ಕಾಲಿನ ಕಡೆ ಜ್ವರದ ಗೆರೆ ಎಳೆಯುವ ಚಾರ್ಟು. ನೆಲ ಒರೆಸುವುದು, ಹಾಸಿಗೆಯ ರಬ್ಬರ್ ಶೀಟು ತೊಳೆದು ಕಟಾಂಜನದ ಮೇಲೆ ಹರಡುವುದು, ಬೆಡ್‌ಪ್ಯಾನು, ಹಾಲು ಬ್ರೆಡ್ಡು ಹಂಚುವುದು ಅವಳ ಕೆಲಸ. ಅಳುವ ಮಕ್ಕಳನ್ನು ಸುಮ್ಮನಿರಿಸುವುದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದರೆ ದಿನದ ಅರ್ಧ ಅದಕ್ಕೇ ಹೋಗುತ್ತಿತ್ತು. ಇಂಜೆಕ್ಷನ್ ಕಂಡರೆ ಊರು ಒಂದಾಗುವಂತೆ ಕಿರುಚುವ ಮಗುವಿನ ಹತ್ತಿರ ಹೋಗಿ, "ಸ್ವಲ್ಪ ತಡಿ, ನಾನು ಕಿವಿಗೆ ಹತ್ತಿ ಇಟ್ಕೋತೀನಿ, ಆಮೇಲೆ ಜೋರಾಗಿ ಕೂಗು" ಎಂದು ನಿಜವಾಗಿಯೂ ಹತ್ತಿ ತುರುಕಿಕೊಳ್ಳುವಳು. ಅವಳು ಸರಿಯಾಗಿ ತುರುಕಿಕೊಂಡಳೋ ಇಲ್ಲವೋ ಎಂದು ಮಗು ನೋಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು.

ಹೀಗೇ ಇಪ್ಪತ್ತು ವರ್ಷ ಕಳೆದವು. ಈ ನಡುವೆ ಇಬ್ಬರು ಗಂಡುಮಕ್ಕಳು ಹುಟ್ಟಿ, ಅವಳಿಗಿಂತ ಎತ್ತರ ಬೆಳೆದರು. ಗಂಡ ಬೀಗ ರಿಪೇರಿಯವನು. ಮಾರುಕಟ್ಟೆಯ ಮೂಲೆಯಲ್ಲಿ ನಾಲ್ಕು ಅಡಿ ಅಗಲದ ಗೂಡಂಗಡಿ, ಅದರ ತುಂಬ ಕೊಕ್ಕೆಗೆ ನೇತುಹಾಕಿದ ಕೀಗಳು. ಮಾತು ಹೆಚ್ಚು, ಸಿಟ್ಟು ಕಡಿಮೆ. "ನಾನು ಊರಿನ ಬಾಗಿಲೆಲ್ಲ ತೆಗೀತೀನಿ, ಮನೇಲಿ ಮಾತ್ರ ಬಾಯಿ ತೆಗೆಯೋ ಹಾಗಿಲ್ಲ" ಎನ್ನುವುದು ಅವನ ಹಳೆಯ ತಮಾಷೆ. ಹೇಳುವಾಗ ಬಾಯಿ ತೆರೆದೇ ಇರುತ್ತಿತ್ತು.

ಇಪ್ಪತ್ತೊಂದನೆಯ ವರ್ಷದಲ್ಲಿ ಹದಿನಾಲ್ಕನೆಯ ಮಂಚಕ್ಕೆ ಆ ಹುಡುಗಿ ಬಂದಳು.

ಐದು ವರ್ಷದವಳು. ಎಡಸೊಂಟದ ಮೂಳೆಗೆ ಕೀವು ತುಂಬಿತ್ತು. ಆಪರೇಷನ್ ಮಾಡಿ ಸೊಂಟದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಅವಳನ್ನು ಕರೆತಂದ ತಾಯಿಗೂ ವಿಪರೀತ ಜ್ವರ. ಆಕೆಯನ್ನು ಕೆಳಗಿನ ಹೆಂಗಸರ ವಾರ್ಡಿಗೆ ಸೇರಿಸಿಕೊಂಡರು. ಹನ್ನೊಂದು ದಿನ ಇದ್ದು ಆಕೆ ತೀರಿಕೊಂಡಳು. ಕಟ್ಟಡದ ಕೆಲಸಕ್ಕೆಂದು ದೂರದಿಂದ ಬಂದವಳು. ಕೊಟ್ಟಿದ್ದ ವಿಳಾಸಕ್ಕೆ ಪೊಲೀಸರು ಹೋಗಿ ನೋಡಿದರೆ ಕಟ್ಟಡ ಮುಗಿದಿತ್ತು, ಕೆಲಸದವರ ಶೆಡ್ಡು ಕಿತ್ತಿದ್ದರು, ಅವಳ ಬಗ್ಗೆ ಹೇಳುವವರು ಯಾರೂ ಇರಲಿಲ್ಲ.

"ಅಮ್ಮ ಕೆಳಗೆ ಇದಾಳಾ?" ಎಂದು ಹುಡುಗಿ ದಿನವೂ ಕೇಳುತ್ತಿದ್ದಳು. "ಮಲಗಿದಾಳೆ" ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ವಾರ ಕಳೆದ ಮೇಲೆ ವಾರ್ಡಕ್ಕನಿಗೆ ಆ ಸುಳ್ಳು ಹೇಳುವುದು ಸಾಕಾಯಿತು. ಒಂದು ಬೆಳಿಗ್ಗೆ ಅವಳ ತಲೆ ಬಾಚುತ್ತ, ಕೈ ನಿಲ್ಲಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಅಳಲಿಲ್ಲ. "ಆ ಬೆಡ್ಡಲ್ಲಿ ಈಗ ಯಾರಿದಾರೆ?" ಎಂದಳು.

"ಒಬ್ಬ ಅಜ್ಜಿ ಇದಾರೆ."

"ಅವರಿಗೆ ಹುಷಾರಾಗ್ತಿದೆಯಾ?"

"ಆಗ್ತಿದೆ. ನಾಡಿದ್ದು ಮನೆಗೆ ಹೋಗ್ತಾರೆ."

ಹುಡುಗಿ ತಲೆಯಾಡಿಸಿದಳು. ವಾರ್ಡಕ್ಕ ಆ ದಿನ ಜಡೆಯನ್ನು ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು. ಮಧ್ಯಾಹ್ನ, ಎಲ್ಲ ಮಕ್ಕಳೂ ಮಲಗಿದ್ದಾಗ, ಹುಡುಗಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. ವಾರ್ಡಕ್ಕ ಪಕ್ಕದಲ್ಲಿ ನೆಲದ ಮೇಲೆ ಕೂತು ರಬ್ಬರ್ ಶೀಟುಗಳನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು, ಅಳು ನಿಲ್ಲುವವರೆಗೂ.

ಪ್ಲಾಸ್ಟರ್ ಹತ್ತು ತಿಂಗಳ ವ್ಯವಹಾರವಾಯಿತು. ಬಿಚ್ಚುವುದು, ನೋಡುವುದು, ಮತ್ತೆ ಹಾಕುವುದು. ಅಷ್ಟರಲ್ಲಿ ಹುಡುಗಿ ವಾರ್ಡಿನ ಯಜಮಾನಿಯಾಗಿದ್ದಳು. ಬೆಳಿಗ್ಗೆ ಡಾಕ್ಟರು ಒಂದೊಂದು ಮಂಚದ ಹತ್ತಿರ ಬಂದು ನೋಡುವುದಕ್ಕೆ ರೌಂಡ್ಸ್ ಎನ್ನುತ್ತಾರಲ್ಲ, ಆ ರೌಂಡ್ಸಿಗೆ ತಾನೂ ಬರುತ್ತೇನೆಂದು ಹಟ ಹಿಡಿದು, ಗಾಲಿಕುರ್ಚಿಯಲ್ಲಿ ಹಿಂದೆ ಹಿಂದೆ ಹೋಗುವಳು. "ಒಂಬತ್ತನೇ ಬೆಡ್ಡು ಮಾತ್ರೆ ಉಗಿದಿದಾನೆ, ತಲೆದಿಂಬಿನ ಕೆಳಗಿದೆ" ಎಂದು ಡಾಕ್ಟರಿಗೆ ವರದಿ ಒಪ್ಪಿಸುವಳು. ಅವಳಿಗೆ ರೌಂಡ್ಸಮ್ಮ ಎಂದು ಹೆಸರಿಟ್ಟವರು ಡಾಕ್ಟರೇ.

ಆ ದಿನಗಳಲ್ಲೇ ಹದಿನೈದನೆಯ ಮಂಚಕ್ಕೆ ತೊಡೆಯ ಮೂಳೆ ಮುರಿದುಕೊಂಡ ಹುಡುಗಿಯೊಬ್ಬಳು ಬಂದಳು. ಅವಳ ಕಾಲಿಗೆ ತೂಕ ಕಟ್ಟಿ ಆರು ವಾರ ಮಲಗಿಸಿದ್ದರು. ಪಕ್ಕದಲ್ಲಿ ಕೂರಲು ಅಜ್ಜ ಬರುತ್ತಿದ್ದರು. ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಚೀಲದಲ್ಲಿ ಇಟ್ಟಿಗೆ ಗಾತ್ರದ ನಿಘಂಟು ಸದಾ ಇರುತ್ತಿದ್ದುದರಿಂದ ನರ್ಸುಗಳು ನಿಘಂಟು ಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನ ಅವರು ಮೊಮ್ಮಗಳ ಶಾಲೆಯಿಂದ ಬಂದ ಇಂಗ್ಲಿಷ್ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ 'ನಿಮ್ಮ ವಾರ್ಡ್' ಎಂಬ ಮಾತು ಎರಡು ಸಲ ಬಂತು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ವಾರ್ಡಕ್ಕ ಕೈ ನಿಲ್ಲಿಸಿದಳು.

"ಮೇಷ್ಟ್ರೇ, ಶಾಲೆಯವರು ನಮ್ಮ ವಾರ್ಡಿನ ಬಗ್ಗೆ ಏನಂತಾರೆ? ಊಟ ಸರಿ ಇಲ್ಲ ಅಂತಲಾ?"

ಮೇಷ್ಟ್ರು ಕನ್ನಡಕ ತೆಗೆದರು. ಅವರಿಗೆ ಯಾರೂ ಪ್ರಶ್ನೆ ಕೇಳಿ ಬಹಳ ವರ್ಷಗಳಾಗಿದ್ದವು.

"ಇಲ್ಲಿ ವಾರ್ಡು ಅಂದ್ರೆ ನನ್ನ ಮೊಮ್ಮಗಳು. ಯಾರ ಮಗುವೇ ಆಗಲಿ, ನೋಡಿಕೊಳ್ಳೋ ಹೊಣೆ ನಿಮ್ಮ ಮೇಲಿದ್ರೆ ಆ ಮಗು ನಿಮ್ಮ ವಾರ್ಡು."

"ಮನುಷ್ಯರಿಗೂ ವಾರ್ಡು ಅಂತಾರಾ?"

"ಮೊದಲು ಮನುಷ್ಯರಿಗೇ ಅಂತಿದ್ರು. ಸಾವಿರ ವರ್ಷದ ಹಳೇ ಮಾತಮ್ಮ ಅದು. ಕಾವಲು ಅಂತ ಅರ್ಥ. ಕಾಯೋ ಆಳನ್ನೂ ವಾರ್ಡು ಅಂತಿದ್ರು. ಆಮೇಲೆ ಕಾಯೋ ಜಾಗಕ್ಕೆ ಆ ಹೆಸರು ಬಂತು. ಕೋಟೆಯ ಅಂಗಳ, ಜೈಲಿನ ಓಣಿ, ಆಸ್ಪತ್ರೆಯ ಹಜಾರ. ಊರನ್ನ ಭಾಗ ಮಾಡಿ, ಒಂದೊಂದು ಭಾಗದವರು ಸರದಿ ಮೇಲೆ ಪಹರೆ ತಿರುಗ್ತಿದ್ರು, ಆ ಭಾಗವೂ ವಾರ್ಡೇ. ನಗರಸಭೆಯದು ಇದೆಯಲ್ಲ, ಅದು."

"ಹಾಗಾದ್ರೆ ನಾನು ಮೊದಲ ದಿನ ಹೋಗಿದ್ದು ಪೂರ್ತಿ ತಪ್ಪೇನಲ್ಲ" ಎಂದಳು ವಾರ್ಡಕ್ಕ.

ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಅಂದು ಮಾತ್ರವಲ್ಲ, ಆ ಆರು ವಾರವೂ ಅವಳು ನೆಲ ಒರೆಸುತ್ತ ಹದಿನೈದನೆಯ ಮಂಚದ ಹತ್ತಿರ ಬಂದಾಗಲೆಲ್ಲ ಅವರ ಬಾಯಿಂದ ಒಂದು ತುಣುಕು ಬೀಳುತ್ತಿತ್ತು. ಗಾರ್ಡೂ ವಾರ್ಡೂ ಒಂದೇ ತಾಯಿಯ ಮಕ್ಕಳಂತೆ. ಒಬ್ಬ ಊರಲ್ಲೇ ಉಳಿದ, ಇನ್ನೊಬ್ಬ ಫ್ರೆಂಚರ ಮನೆಗೆ ದತ್ತು ಹೋಗಿ ಅಲ್ಲಿಯ ಉಚ್ಚಾರ ಕಲಿತು ವಾಪಸು ಬಂದ. ಹಾಸ್ಟೆಲ್ ನೋಡಿಕೊಳ್ಳುವ ವಾರ್ಡನ್, ಬಟ್ಟೆ ಕಾಯುವ ವಾರ್ಡ್‌ರೋಬು, ಎಲ್ಲ ಆ ಮನೆತನದವರೇ. ಫಾರ್ವರ್ಡು ಮಾತ್ರ ಅಲ್ಲ. ಅದರ ಬಾಲ ಹಾಗೆಯೇ ಕಂಡರೂ ಅದು ಬೇರೆ ವಂಶ, ದಿಕ್ಕು ತೋರಿಸುವವರ ಪೈಕಿ. "ಮುಖ ನೋಡಿ ನೆಂಟಸ್ತನ ಹೇಳೋಕಾಗಲ್ಲ" ಎಂದರು ಮೇಷ್ಟ್ರು.

"ತಮಾಷೆ ಏನು ಅಂದ್ರೆ," ಎಂದರು ಇನ್ನೊಂದು ದಿನ, "ಮೊದಲು ಕಾಯೋನು ವಾರ್ಡು. ಹೋಗ್ತಾ ಹೋಗ್ತಾ ಕಾಯಿಸಿಕೊಳ್ಳೋನು ವಾರ್ಡು ಆದ. ಯಾರು ಯಾರನ್ನ ಕಾಯ್ತಿದಾರೆ ಅಂತ ಪದಕ್ಕೇ ಮರೆತುಹೋಯ್ತು."

ಬೀಗದ ಒಳಗೂ ವಾರ್ಡು ಇದೆ ಎಂದು ಅವರು ಹೇಳಿದ್ದನ್ನು ಮಾತ್ರ ವಾರ್ಡಕ್ಕ ನಂಬಲಿಲ್ಲ. ಸಂಜೆ ಗಂಡನ ಗೂಡಂಗಡಿಗೆ ಹೋಗಿ ಕೇಳಿದಳು. ಅವನು ಒಂದು ಹಳೆಯ ಬೀಗವನ್ನು ಬಿಚ್ಚಿ, ಒಳಗಿನ ತಗಡಿನ ಸಣ್ಣ ಏಣುಗಳನ್ನು ತೋರಿಸಿದ.

"ಇದಕ್ಕೆ ಏನಂತೀರ?"

"ಏನಂತಾರೆ? ತಡೆ ಅಂತೀವಿ. ಬೇರೆ ಕೀ ಹಾಕಿದ್ರೆ ಇದು ತಿರುಗೋಕೆ ಬಿಡಲ್ಲ. ಇದರ ಲೆಕ್ಕಕ್ಕೆ ಕೀಯಲ್ಲಿ ಕೊರಕಲು ಇದ್ರೇ ಒಳಗೆ ಬಿಡೋದು."

"ಅದೂ ವಾರ್ಡಂತೆ."

ಅವನು ಬೀಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರೆ ನಾನೂ ಮೂವತ್ತು ವರ್ಷದಿಂದ ವಾರ್ಡಲ್ಲೇ ಕೆಲಸ ಮಾಡ್ತಿದೀನಿ ಅನ್ನು. ನಿನಗೆ ಮಾತ್ರ ಸಂಬಳದ ರಜೆ" ಎಂದ.

ಹುಡುಗಿಯ ಪ್ಲಾಸ್ಟರ್ ಕೊನೆಯ ಸಲ ಬಿಚ್ಚಿದ ವಾರ ಮಕ್ಕಳ ಕಲ್ಯಾಣದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಹೆಂಗಸು, ಮೆದು ಮಾತು. ಕಾಲು ಸ್ವಲ್ಪ ಎಳೆಯುತ್ತದೆ, ಆದರೆ ನಡೆಯುತ್ತಾಳೆ, ಇನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅನಾಥ ಮಕ್ಕಳ ಮನೆಯಲ್ಲಿ ಜಾಗ ಇದೆ, ಮುಂದಿನ ತಿಂಗಳು ಕರೆದುಕೊಂಡು ಹೋಗುತ್ತೇವೆ ಎಂದರು. ದೊಡ್ಡ ಸಿಸ್ಟರ್ ಕಾಗದಕ್ಕೆ ಸಹಿ ಹಾಕಿದರು. ಬಾಗಿಲ ಬಳಿ ನಿಂತಿದ್ದ ವಾರ್ಡಕ್ಕನ ಮುಖ ನೋಡಿ, ಅವಳನ್ನು ಔಷಧಿಯ ಕೋಣೆಗೆ ಕರೆದರು.

"ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತು. ಬೇಡ. ಇಲ್ಲಿಗೆ ಬಂದ ಮಕ್ಕಳು ಹೋಗೋದಕ್ಕೇ ಬರೋದು. ಹಚ್ಕೊಂಡ್ರೆ ಈ ಕೆಲಸ ಮಾಡೋಕಾಗಲ್ಲ."

"ಹಚ್ಕೊಂಡಿಲ್ಲ ಸಿಸ್ಟರ್" ಎಂದಳು ವಾರ್ಡಕ್ಕ. ಅವಳ ಸೆರಗಿನ ತುದಿಯಲ್ಲಿ ಹುಡುಗಿಯ ಜಡೆಯ ರಿಬ್ಬನ್ನು ಗಂಟು ಹಾಕಿಕೊಂಡಿತ್ತು.

ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ಅವಳು ಗಂಡನಿಗೆ ವಿಷಯ ಹೇಳಿದಳು.

"ಇರೋದು ಎರಡು ಕೋಣೆ, ನಾಲ್ಕು ಜನ. ಐದನೆಯವರನ್ನ ಕೊಕ್ಕೆಗೆ ನೇತುಹಾಕೋಣವಾ, ಕೀ ತರ?" ಎಂದ ಅವನು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಕಣೇ."

"ಅವಳಿಗೆ ಕಾಲು ಪೂರ್ತಿ ಚಾಚೋಕೇ ಬರಲ್ಲ ರೀ. ಚಿಕ್ಕ ಹಾಸಿಗೆ ಸಾಕು."

ಅವನು ಮುಂದೆ ಮಾತಾಡಲಿಲ್ಲ. ಅದೇ ಒಂದು ಆಶ್ಚರ್ಯ. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದು, ಎರಡು ಗಂಟೆ ಕೆಲಸ ಮಾಡಿ, ಹಾಗೆಯೇ ಆಸ್ಪತ್ರೆಗೆ ಬಂದ. ಹದಿನಾಲ್ಕನೆಯ ಮಂಚದ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡ. ಹುಡುಗಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಕಬ್ಬಿಣದ ಪುಡಿ ಉಗುರಿನ ಸಂದಿಯಲ್ಲಿ ಕಪ್ಪಾಗಿ ಕೂತಿತ್ತು.

"ಕೈ ತೊಳ್ಕೊಂಡು ಬನ್ನಿ. ವಾರ್ಡಿಗೆ ಹೀಗೆ ಬರಬಾರದು."

ಅವನು ಹೋಗಿ ತೊಳೆದು ಬಂದ. ಅವಳು ಅಂಗೈ ತಿರುಗಿಸಿ ನೋಡಿ, "ಇನ್ನೂ ಇದೆ" ಎಂದಳು. ಮತ್ತೆ ಹೋದ. ಮೂರನೆಯ ಸಲ ಒಪ್ಪಿಗೆಯಾಯಿತು. ಆಮೇಲೆ ಅವನು ಜೇಬಿನಿಂದ ಹಾಳಾದ ಸಣ್ಣ ಬೀಗವೊಂದನ್ನು ತೆಗೆದು ಕೊಟ್ಟ. ಅವಳು ಅದರ ಕಂಡಿಗೆ ಕಣ್ಣು ಹಚ್ಚಿ, ಒಳಗೆ ಏನಿದೆ, ಅದು ಯಾಕಿದೆ, ಅದಿಲ್ಲದಿದ್ದರೆ ಏನಾಗುತ್ತದೆ ಎಂದು ಒಂದು ಗಂಟೆ ಕಾಲ ಕೇಳಿದಳು. ಆಮೇಲೆ ಗಂಡಹೆಂಡತಿ ಒಟ್ಟಿಗೆ ಮನೆಗೆ ಹೊರಟರು.

"ಮೂರು ಸಲ ತೊಳೆಸಿದಳು ಕಣೇ" ಎಂದ ಗೇಟು ದಾಟುವಾಗ. ಸ್ವಲ್ಪ ದೂರ ಹೋದ ಮೇಲೆ, "ಮಂಚ ಎಷ್ಟು ಉದ್ದ ಬೇಕಾಗುತ್ತೆ?" ಎಂದ.

ಗಂಡುಮಕ್ಕಳ ಪೈಕಿ ಕಿರಿಯವನು ಕುಣಿದ. ಹದಿನೇಳರ ಹಿರಿಯವನು ಎರಡು ದಿನ ಮುಖ ಊದಿಸಿಕೊಂಡಿದ್ದು, "ನನ್ನ ಪುಸ್ತಕ ಮುಟ್ಟಬಾರದು ಅಷ್ಟೇ" ಎಂಬ ಷರತ್ತಿನ ಮೇಲೆ ರಾಜಿಯಾದ.

ಹುಡುಗಿಯನ್ನು ತಮಗೆ ಒಪ್ಪಿಸಿ ಎಂದು ಹಾಕಿದ್ದ ಅರ್ಜಿ ಕೋರ್ಟಿನಲ್ಲಿ ವಿಚಾರಣೆಗೆ ಬಂದ ದಿನ ಗಂಡಹೆಂಡತಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ದೊಡ್ಡ ಸಿಸ್ಟರ್ ಅಷ್ಟು ದೂರದಲ್ಲಿ ಬೇರೆ ಬೆಂಚಿನಲ್ಲಿ ಕೂತಿದ್ದರು. ಯಾಕೆ ಬಂದಿದ್ದಾರೆಂದು ಕೇಳುವ ಧೈರ್ಯ ವಾರ್ಡಕ್ಕನಿಗೆ ಇರಲಿಲ್ಲ. ಗುಮಾಸ್ತ ಕಡತ ನೋಡುತ್ತ, "ವಾರ್ಡ್ ಎಲ್ಲಿ?" ಎಂದು ಕೂಗಿದ.

ವಾರ್ಡಕ್ಕ ಎದ್ದು ನಿಂತು, "ಎರಡನೇ ಮಹಡಿ ಸ್ವಾಮಿ, ಮೆಟ್ಟಿಲು ಹತ್ತಿದ ತಕ್ಷಣ ಎಡಗಡೆ" ಎಂದಳು.

"ಏನಮ್ಮಾ, ಮಗು ಎಲ್ಲಿ ಅಂತ ಕೇಳಿದ್ದು."

ನಿಘಂಟು ಮೇಷ್ಟ್ರು ಹೇಳಿದ್ದು ಆಗ ನೆನಪಾಗಿ ಅವಳು ನಾಲಿಗೆ ಕಚ್ಚಿಕೊಂಡಳು. ಹುಡುಗಿ ಬಾಗಿಲ ಹತ್ತಿರ ಪೊಲೀಸಿನವನ ಬೂಟಿನ ಲೇಸು ಬಿಚ್ಚಿದೆ ಎಂದು ಅವನಿಗೇ ತಿಳಿಸುತ್ತಿದ್ದಳು.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು. ಕಡತ ಓದಿ, "ಎರಡು ಕೋಣೆ ಮನೆ, ಬೆಳೆದ ಇಬ್ಬರು ಮಕ್ಕಳು, ಗಂಡಹೆಂಡತಿ ಇಬ್ಬರಿಗೂ ದುಡಿಮೆ. ಈ ಮಗು ಯಾಕೆ ಬೇಕಮ್ಮ ನಿಮಗೆ?" ಎಂದರು.

ವಾರ್ಡಕ್ಕ ಒಂದು ವಾರದಿಂದ ಕಲಿತಿದ್ದ ಮಾತೆಲ್ಲ ಮರೆತುಹೋಯಿತು. "ಬೇಕು ಅಂತಲ್ಲ ತಾಯಿ. ಬೆಳಿಗ್ಗೆ ಎದ್ದಾಗ ಅವಳ ಎಡಗಾಲು ಬಿಗಿದಿರುತ್ತೆ. ಎಣ್ಣೆ ಹಚ್ಚಿ, ಮೆಲ್ಲಗೆ ಹತ್ತು ಸಲ ತಿರುಗಿಸಬೇಕು. ಏಳನೇದಕ್ಕೆ ನೋಯುತ್ತೆ, ಆಗ ಏನಾದರೂ ಕೇಳಿ ಮಾತಿಗೆ ಎಳೀಬೇಕು. ಆ ಅನಾಥ ಮಕ್ಕಳ ಮನೇಲಿ ನಲವತ್ತು ಮಕ್ಕಳಿದಾರಂತೆ. ಏಳನೇದಕ್ಕೆ ನೋಯುತ್ತೆ ಅಂತ ಯಾರಿಗೆ ಗೊತ್ತಿರುತ್ತೆ?"

ನ್ಯಾಯಾಧೀಶರು ಏನೋ ಬರೆದುಕೊಂಡರು. ಆಗ ದೊಡ್ಡ ಸಿಸ್ಟರ್ ಎದ್ದು, ಯಾರೂ ಕರೆಯದೆಯೇ ಮುಂದೆ ಬಂದು, ಆಸ್ಪತ್ರೆಯ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಇಪ್ಪತ್ತೊಂದು ವರ್ಷದಲ್ಲಿ ಇವಳು ಒಂದೇ ಒಂದು ದಿನ ತಡವಾಗಿ ಬಂದಿದಾಳೆ. ಅದೂ ಕೆಲಸ ಹುಡುಕಿಕೊಂಡು ಊರೆಲ್ಲ ಸುತ್ತಿ" ಎಂದರು. ಬೇರೆ ಏನೂ ಹೇಳದೆ ಹೋಗಿ ಕೂತರು.

ಆರು ವಾರಕ್ಕೆ ಆದೇಶ ಬಂತು. ಹುಡುಗಿಗೆ ಹದಿನೆಂಟು ತುಂಬುವವರೆಗೆ ವಾರ್ಡಕ್ಕ ಪೋಷಕಿ, ಹುಡುಗಿ ಅವಳ ವಾರ್ಡು.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡರೆ, ರೌಂಡ್ಸಮ್ಮನಿಗೆ ಮನೆಯೇ ಹಿಡಿಸಲಿಲ್ಲ. ಗೋಡೆ ತೀರ ಹತ್ತಿರ, ಛಾವಣಿ ತೀರ ಕೆಳಗೆ, ಎಣಿಸೋಣವೆಂದರೆ ಅವಳದು ಬಿಟ್ಟು ಬೇರೆ ಮಂಚಗಳೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಏಳುತ್ತಾರೆ, ಗಂಟೆ ಹೊಡೆಯುವುದಿಲ್ಲ, ಬೆಳಿಗ್ಗೆ ಯಾರೂ ಬಂದು "ಹೇಗಿದೀಯ" ಎಂದು ಕೇಳುವುದಿಲ್ಲ. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ, "ವಾರ್ಡಿಗೆ ಹೋಗೋಣ ಅಕ್ಕಾ, ಸಾಕು ಇಲ್ಲಿ" ಎಂದಳು. ಅಷ್ಟೆಲ್ಲ ಪಾಡುಪಟ್ಟು ಕರೆತಂದದ್ದು ಇದಕ್ಕೋ ಎಂದು ವಾರ್ಡಕ್ಕನಿಗೆ ನೀರು ಕಾಯಿಸುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅಳುವಷ್ಟಾಯಿತು.

ದಾರಿ ತೋರಿಸಿದವನು ಬೀಗದವನು. ಮರುದಿನ ಅಂಗಡಿಯಿಂದ ತಗಡಿನ ಐದು ಬಿಲ್ಲೆ ಕತ್ತರಿಸಿ, ಅರದಿಂದ ಅಂಚು ಉಜ್ಜಿ, ಒಂದರಿಂದ ಐದರವರೆಗೆ ಅಂಕಿ ಕೊರೆದು ತಂದ. ಎಲ್ಲರ ಹಾಸಿಗೆಯ ತಲೆಯ ಕಡೆ ಒಂದೊಂದು ಮೊಳೆ ಹೊಡೆದ. ಒಂದನೆಯ ಬೆಡ್ಡು ತಾನು, ಎರಡು ಹೆಂಡತಿ, ಮೂರು ನಾಲ್ಕು ಗಂಡುಮಕ್ಕಳು, ಐದು ಅವಳದು. ಕಿರಿಯವನು ಹಳೆಯ ನೋಟ್‌ಬುಕ್ಕಿನ ಹಾಳೆಗಳಲ್ಲಿ ಚಾರ್ಟು ಮಾಡಿ ನೇತುಹಾಕಿದ.

ಬೆಳಿಗ್ಗೆ ಆರೂವರೆಗೆ ಹುಡುಗಿ ಎದ್ದು, ಕಾಲು ಎಳೆಯುತ್ತ ರೌಂಡ್ಸಿಗೆ ಹೊರಟಳು.

"ಒಂದನೇ ಬೆಡ್ಡು, ಹೇಗಿದೀರ?"

"ಸೊಂಟ ನೋವು ಡಾಕ್ಟ್ರೇ" ಎಂದ ಬೀಗದವನು ಹೊದಿಕೆಯೊಳಗಿಂದ.

"ಎದ್ದು ಓಡಾಡಿ, ಹೋಗುತ್ತೆ. ಮೂರನೇ ಬೆಡ್ಡು?"

"ಮೂರನೇ ಬೆಡ್ಡು ಸತ್ತುಹೋಗಿದೆ, ಎಂಟು ಗಂಟೆವರೆಗೆ ಎಬ್ಬಿಸಬೇಡಿ" ಎಂದ ಹಿರಿಯವನು.

ಹುಡುಗಿ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡುತ್ತ ನಿಂತಳು. ಅವಳ ತುಟಿ ನಡುಗಿದ್ದು ಕಂಡು ಅವನು ದಡಬಡಿಸಿ ಎದ್ದು ಕೂತ. "ಇಲ್ಲ ಇಲ್ಲ, ಚೆನ್ನಾಗಿದೀನಿ. ನೋಡು, ಕೈ ಮುಟ್ಟಿ ನೋಡು" ಎಂದ. ಅಂದಿನಿಂದ ಮೂರನೆಯ ಬೆಡ್ಡು ರೌಂಡ್ಸಿಗೆ ಮೊದಲೇ ಎದ್ದು ಕೂತಿರುತ್ತಿತ್ತು. ಅವನ ಪುಸ್ತಕಗಳನ್ನು ಮೊದಲು ಮುಟ್ಟಿದವಳೂ ಅವಳೇ, ಅಕ್ಷರ ಕಲಿಸಿದವನೂ ಅವನೇ.

ಅವಳು ಊಟ ಮಾಡತೊಡಗಿದಳು. ಎರಡು ವರ್ಷ ಆ ಬಿಲ್ಲೆಗಳು ಗೋಡೆಯ ಮೇಲಿದ್ದವು. ಒಂದು ದಿನ ಅವಳಾಗಿಯೇ ತನ್ನದನ್ನು ತೆಗೆದು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಕೊಂಡಳು.

ವಾರ್ಡಕ್ಕನನ್ನು ಅವಳು ಕೊನೆಯವರೆಗೂ ಅಕ್ಕ ಎಂದೇ ಕರೆದಳು. ಒಮ್ಮೆ ನೆರೆಮನೆಯಾಕೆ, "ಅಷ್ಟು ಮಾಡಿದಾರೆ ನಿನಗೆ, ಅಮ್ಮ ಅನ್ನಬಾರದಾ?" ಎಂದು ಕೇಳಿದಾಗ, "ಅಮ್ಮ ಒಬ್ಬಳು ಇದ್ದಳು. ಇವರು ಅಕ್ಕ" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಒಳಗಿನಿಂದ ಕೇಳಿಸಿಕೊಂಡ ವಾರ್ಡಕ್ಕನಿಗೆ ಚುಚ್ಚಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ತಾಯಿಯ ಮುಖ ಇನ್ನೂ ನೆನಪಿದ್ದವಳು ಆ ಮನೆಯಲ್ಲಿ ತಾನೊಬ್ಬಳೇ ಎಂದೂ ಅವಳಿಗೆ ಗೊತ್ತಿತ್ತು. ಆಕೆ ಹೇಗಿದ್ದಳೆಂದು ಹುಡುಗಿ ಕೇಳಿದಾಗಲೆಲ್ಲ, ಬಲಹುಬ್ಬಿನ ಮೇಲಿದ್ದ ಸಣ್ಣ ಗಾಯದ ಗುರುತಿನವರೆಗೆ, ನೆನಪಿದ್ದಷ್ಟನ್ನೂ ಹೇಳುತ್ತಿದ್ದಳು. ನೆನಪಿಲ್ಲದ್ದನ್ನು ಕಟ್ಟಿ ಹೇಳುತ್ತಿರಲಿಲ್ಲ.

ಗಂಡುಮಕ್ಕಳಿಬ್ಬರೂ ತಂದೆಯ ಕಸುಬಿಗೆ ಬರಲಿಲ್ಲ. ಶಾಲೆ ಬಿಟ್ಟ ತಕ್ಷಣ ಗೂಡಂಗಡಿಯಲ್ಲಿ ಹೋಗಿ ಕೂರುತ್ತಿದ್ದವಳು ರೌಂಡ್ಸಮ್ಮ. ಹದಿನಾರಕ್ಕೆ ಕಣ್ಣು ಮುಚ್ಚಿ ಬೀಗ ಬಿಚ್ಚುವಳು. "ಹೆಣ್ಣುಮಗು ಬೀಗ ಒಡೆಯೋದು ಕಲಿತ್ರೆ ಹೇಗೆ?" ಎಂದ ಗಿರಾಕಿಯೊಬ್ಬನಿಗೆ, "ಒಡೆಯೋದು ಯಾರಿಗಾದ್ರೂ ಬರುತ್ತೆ. ನಾನು ತೆಗೀತೀನಿ" ಎಂದಳಂತೆ. ಬೀಗದವನು ಅದನ್ನು ಮಾರುಕಟ್ಟೆಗೆಲ್ಲ ಹೇಳಿಕೊಂಡು ಬಂದ.

ಹದಿನೆಂಟು ತುಂಬುವ ದಿನ ಹತ್ತಿರ ಬಂದಂತೆ ವಾರ್ಡಕ್ಕ ಮಂಕಾದಳು. ತಾಯಿ ಹೇಳಿದ್ದ ಹುಟ್ಟಿದ ತಾರೀಖು ಆಸ್ಪತ್ರೆಯ ಕಾಗದದಲ್ಲಿತ್ತು, ಕೋರ್ಟಿನವರು ಅದನ್ನೇ ಬರೆದುಕೊಂಡಿದ್ದರು. ಕಬ್ಬಿಣದ ಪೆಟ್ಟಿಗೆಯಿಂದ ಆದೇಶದ ಕಾಗದ ತೆಗೆದು ನೋಡುವಳು, ಮಡಿಸಿ ಇಡುವಳು. ಗಂಡ ಕೇಳಿದರೆ "ಏನಿಲ್ಲ" ಎನ್ನುವಳು. ಕೊನೆಗೆ ಒಂದು ಸಂಜೆ ನಿಘಂಟು ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು. ಅವರಿಗೀಗ ಎಂಬತ್ತರ ಹತ್ತಿರ. ಕಣ್ಣು ಮಂಜು, ನಿಘಂಟನ್ನು ಮೊಮ್ಮಗಳು ಓದಿ ಹೇಳಬೇಕಿತ್ತು. ದನಿಯಿಂದಲೇ ಅವಳನ್ನು ಗುರುತಿಸಿದರು.

"ಮೇಷ್ಟ್ರೇ, ನಾಡಿದ್ದು ಅವಳಿಗೆ ಹದಿನೆಂಟು. ಆಮೇಲೆ ವಾರ್ಡು ಅಲ್ವಂತೆ. ಆಮೇಲೆ ಏನಂತಾರೆ?"

ಮೇಷ್ಟ್ರು ಪಕ್ಕದಲ್ಲಿದ್ದ ನಿಘಂಟಿನ ಮೇಲೆ ಕೈ ಇಟ್ಟರು. "ಆಮೇಲೆ ಏನೂ ಅನ್ನಲ್ಲಮ್ಮ. ಪದ ಅಲ್ಲಿಗೆ ಮುಗಿಯುತ್ತೆ."

"ಅಷ್ಟು ದಪ್ಪ ಪುಸ್ತಕದಲ್ಲಿ ಒಂದೂ ಇಲ್ವಾ?"

"ಇಲ್ಲ." ಅವರು ತಡವಿ ಅವಳ ಕೈ ಹಿಡಿದುಕೊಂಡರು. "ಇಂಗ್ಲಿಷಿನವರಿಗೆ ಬೇಕಾಗಿಲ್ಲ ಅಂತ ಕಾಣುತ್ತೆ. ನಿಮಗೇನು ಬೇಕೋ ಅದನ್ನ ನೀವೇ ಕರೀರಿ. ಪುಸ್ತಕದವರು ಹಿಂದಿನಿಂದ ಬಂದು ಬರ್ಕೋತಾರೆ, ಅವರ ಕೆಲಸವೇ ಅದು."

ಅದರಿಂದ ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಯಾರೋ ಬಂದು ಏನೋ ಕೇಳುತ್ತಾರೆ, ಯಾವುದೋ ಕಾಗದಕ್ಕೆ ಸಹಿ ಹಾಕಿ ಒಪ್ಪಿಸಬೇಕು ಎಂಬ ಅಳುಕು ಇದ್ದೇ ಇತ್ತು. ಹದಿನೆಂಟು ತುಂಬಿದ ಮರುದಿನ ಒಂದು ದಿನದ ರಜೆ ಹಾಕಿ, ಕೆಮ್ಮುತ್ತಿದ್ದ ಹುಡುಗಿಯನ್ನು ಎಳೆದುಕೊಂಡು ಕೋರ್ಟಿಗೆ ಹೋದಳು. ಗುಮಾಸ್ತ ಹೊಸಬ. ಅರ್ಧ ಗಂಟೆ ಹುಡುಕಿ, ಧೂಳು ಕೊಡವಿ ಕಡತ ತೆಗೆದ.

"ಇದು ಮುಗಿದಿದೆಯಲ್ಲಮ್ಮ. ತಾನಾಗೇ ಮುಗಿಯುತ್ತೆ, ನೀವು ಬರಬೇಕಾಗಿರಲಿಲ್ಲ."

"ಏನೂ ಒಪ್ಪಿಸೋದು ಇಲ್ವಾ?"

"ಏನು ಒಪ್ಪಿಸ್ತೀರ? ಅವರು ದೊಡ್ಡವರಾದರು. ಎಲ್ಲಿ ಬೇಕಾದರೂ ಇರಬಹುದು."

"ಎಲ್ಲಿ ಬೇಕಾದರೂ?" ಎಂದಳು ಹುಡುಗಿ.

"ನಿಮ್ಮಿಷ್ಟ."

"ಹಾಗಾದ್ರೆ ಬೇಗ ಹೋಗೋಣ ಅಕ್ಕಾ. ಮಾವ ಒಬ್ಬರೇ ಅಂಗಡೀಲಿದಾರೆ. ಬ್ಯಾಂಕಿನವರ ಲಾಕರು ತೆಗೆಯೋಕೆ ಮೂರು ಗಂಟೆಗೆ ಬರ್ತೀನಿ ಅಂದಿದೀನಿ" ಎಂದು ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಬೀಗದವನನ್ನು ಅವಳು ಮಾವ ಎನ್ನುತ್ತಿದ್ದಳು, ಯಾವ ಲೆಕ್ಕದಲ್ಲಿ ಎಂದು ಯಾರೂ ಕೇಳಿರಲಿಲ್ಲ. ಮೆಟ್ಟಿಲಿಳಿಯುವಾಗ ಎಡಗಾಲನ್ನು ಮೊದಲು ಇಟ್ಟು, ಒಂದು ಕ್ಷಣ ನಿಂತು, ಬಲಗಾಲು ಇಡುವುದು ಅವಳ ಅಭ್ಯಾಸ. ವಾರ್ಡಕ್ಕ ಎರಡು ಮೆಟ್ಟಿಲು ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಇಳಿದಳು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಹುಡುಗಿ ಕಿಟಕಿಯ ಪಕ್ಕ ಕೂತು ಗಾಜು ಸರಿಸಿದಳು. ಗಾಳಿ ಮುಖಕ್ಕೆ ಹೊಡೆಯಿತು.

"ಮುಚ್ಚು. ಕೆಮ್ಮು ಇನ್ನೂ ಹೋಗಿಲ್ಲ."

"ನಾನು ದೊಡ್ಡವಳು ಅಂತ ಈಗ ತಾನೇ ಕೋರ್ಟಲ್ಲಿ ಹೇಳಿದರಲ್ಲ."

"ಅವರಿಗೇನು ಗೊತ್ತು, ನಿನ್ನೆ ಎಷ್ಟು ಕೆಮ್ಮಿದೆ ಅಂತ."

ಹುಡುಗಿ ಮುಚ್ಚಿದಳು. ಎರಡು ನಿಲ್ದಾಣ ಕಳೆದ ಮೇಲೆ, ಅಕ್ಕನಿಗೆ ತೂಕಡಿಕೆ ಬಂತೇ ಎಂದು ಓರೆಗಣ್ಣಲ್ಲಿ ನೋಡಿ, ಎರಡು ಬೆರಳಷ್ಟು ಮಾತ್ರ ತೆರೆದಳು.